ಕೊಳಗವು ಯಾರ ಕೈಯಲ್ಲಿ?

(ಕಮ್ಯೂನಿಸಮ್ಮಿನ ಮೂಲತತ್ತ್ವಗಳನ್ನು ಕುರಿತು ಸಾಗರದಲ್ಲಿ ಮಾಡಿದ ಭಾಷಣ)



ಕಮ್ಯೂನಿಸಮ್ಮೆಂಬ ಮಾತನ್ನು ಕೇಳಿದೊಡನೆ ಕೆಲವರು ಬೆದರುತ್ತಾರೆ, ಕೆಲವರು ಹಿಗ್ಗುತ್ತಾರೆ. ಅದರ ತತ್ತ್ವವೇನೆಂದು ವಿಚಾರಿಸುವವರು ವಿರಳ. ಸಾಗರ, ಹೊಸನಗರ, ತೀರ್ಥಹಳ್ಳಿಗಳವರಾದ ನಾವು ಗೇಣಿಯ ಕಷ್ಟವನ್ನು ಬಲ್ಲವರು. ಆ ಅನುಭವದಿಂದಲೇ ಇದನ್ನು ಅಳೆದು ನೋಡೋಣ.

ಕಾರ್ಲ್ ಮಾರ್ಕ್ಸ್ ಮತ್ತು ಎಂಗೆಲ್ಸರು 1848ರಲ್ಲಿ ತಮ್ಮ ಪ್ರಣಾಳಿಕೆಯನ್ನು ಪ್ರಕಟಿಸಿದರು. ಅವರ ಬರೆಹಗಳ ಒಟ್ಟು ತಿರುಳು ಇದು: ನೆಲ, ಗಣಿ, ಗಿರಣಿ ಮೊದಲಾದ ಉತ್ಪತ್ತಿಯ ಸಾಧನಗಳು ಕೆಲವರ ಸ್ವತ್ತಾಗಿರುವವರೆಗೆ, ದುಡಿಯುವವನು ತನ್ನ ಶ್ರಮದ ಫಲದಲ್ಲಿ ಒಂದಂಶವನ್ನು ಮಾತ್ರ ಪಡೆಯುವನು, ಮಿಕ್ಕದ್ದು ಒಡೆಯನ ಪಾಲು. ಆದುದರಿಂದ ಈ ಎರಡು ವರ್ಗಗಳ ಹೋರಾಟವು ತಪ್ಪದು. ಸಾಧನಗಳು ಸಮಾಜದ ಸ್ವತ್ತಾಗಬೇಕು. ಉತ್ಪತ್ತಿಯು ಲಾಭಕ್ಕಲ್ಲದೆ ಅಗತ್ಯಕ್ಕಾಗಿ ನಡೆಯಬೇಕು. ಕೊನೆಗೆ ವರ್ಗಭೇದವೂ, ಅದನ್ನು ಕಾಯುವ ರಾಜ್ಯಶಕ್ತಿಯೂ ಅಳಿಯಬೇಕು.

ಈ ಪ್ರಶ್ನೆಯ ಸತ್ಯವನ್ನು ನಮ್ಮ ಕಣದಲ್ಲಿಯೇ ಕಂಡಿದ್ದೇವೆ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ಕೊಳಗವೇ ಒಂದು ಮುಖ್ಯ ವಿವಾದವಾಗಿತ್ತು. ಗೇಣಿಯ ಭತ್ತವನ್ನು ಒಡೆಯರು ದೊಡ್ಡ ಕೊಳಗದಿಂದ ಅಳೆದುಕೊಳ್ಳುವರೆಂಬುದು ರೈತರ ದೂರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ಡಾ. ರಾಮಮನೋಹರ ಲೋಹಿಯಾರವರು ಬಂದು ಬಂಧಿತರಾದರು. ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರನ್ನು 1952ರಲ್ಲಿ ಸಾಗರ-ಹೊಸನಗರದ ಮತದಾರರು ಶಾಸನಸಭೆಗೆ ಕಳುಹಿಸಿದರು. ಇವರು ಸಮಾಜವಾದಿಗಳು, ಕಮ್ಯೂನಿಸ್ಟರಲ್ಲ. ಸತ್ಯಾಗ್ರಹ ಮತ್ತು ಮತಪತ್ರಗಳೇ ಅವರ ಆಯುಧಗಳು.

ರಷ್ಯದ ದಾರಿ ಬೇರೆಯಾಯಿತು. 1917ರ ಕ್ರಾಂತಿಯಿಂದ ಅಲ್ಲಿ ಜಮೀನ್ದಾರಿಯು ಅಳಿಯಿತೆಂಬುದು ನಿಜ. ಆದರೆ 1929ರಿಂದ ರೈತರ ಹೊಲಗಳನ್ನು ಬಲವಂತವಾಗಿ ಸಾಮೂಹಿಕ ಬೇಸಾಯಕ್ಕೆ ಸೇರಿಸಿದರು. ಸರ್ಕಾರವು ತಾನೇ ಗೊತ್ತುಮಾಡಿದಷ್ಟು ಧಾನ್ಯವನ್ನು ಒಯ್ದಿತು. 1932-33ರ ಕ್ಷಾಮದಲ್ಲಿ ಲಕ್ಷೋಪಲಕ್ಷ ಜನರು ಮಡಿದರು. ಒಂದೇ ಪಕ್ಷದ ಆಳಿಕೆಯಲ್ಲಿ ದೂರುವುದಕ್ಕೆ ಸ್ವತಂತ್ರ ಪತ್ರಿಕೆಯಿರಲಿಲ್ಲ, ಎದುರು ಪಕ್ಷವಿರಲಿಲ್ಲ. ಒಡೆಯನ ಕೈಯ ಕೊಳಗವು ಸರ್ಕಾರದ ಕೈಗೆ ಹೋಯಿತು; ಅಳತೆಯನ್ನು ಪ್ರಶ್ನಿಸುವ ಹಕ್ಕು ಮಾತ್ರ ಉಳುವವನಿಗೆ ಬರಲಿಲ್ಲ. 1991ರಲ್ಲಿ ಆ ಒಕ್ಕೂಟವೇ ಒಡೆದುಹೋಯಿತು. ಕಮ್ಯೂನಿಸ್ಟರೆಲ್ಲರೂ ಇದೇ ದಾರಿಯವರೆನ್ನಲಾಗದು. ನೆರೆಯ ಕೇರಳದಲ್ಲಿ ಅವರು 1957ರಲ್ಲಿ ಮತದಾನದಿಂದಲೇ ಅಧಿಕಾರಕ್ಕೆ ಬಂದರು.

ನಮ್ಮಲ್ಲಿ ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಿಂದ, ಗೇಣಿಯ ಭೂಮಿಯು ಸರ್ಕಾರದಲ್ಲಿ ನಿಹಿತವಾಯಿತು. ಭೂನ್ಯಾಯಮಂಡಲಿಗಳು ವಿಚಾರಣೆ ನಡೆಸಿ ಅದನ್ನು ಉಳುವವನಿಗೆ ಕೊಟ್ಟವು. ಒಡೆಯನಿಗೆ ಪರಿಹಾರವೂ ಉಂಟಾಯಿತು. ಇದು ಕಮ್ಯೂನಿಸಮ್ಮಲ್ಲ: ಇಲ್ಲಿ ಒಡೆತನವು ಅಳಿಯಲಿಲ್ಲ, ಗೇಣಿದಾರನೇ ಒಡೆಯನಾದನು. ಆದರೆ ಕಾಗೋಡಿನಿಂದ ಇಲ್ಲಿಗೆ 23 ವರ್ಷಗಳು ಬೇಕಾದುವು. ಗೇಣಿಯ ಹಕ್ಕೂ ಇಲ್ಲದ ಕೂಲಿಯಾಳಿಗೆ ದೊರೆತ ನೆಲವು ಅತ್ಯಲ್ಪ.

ಆದುದರಿಂದ ಮಾರ್ಕ್ಸನ ಪ್ರಶ್ನೆಯನ್ನು ನಾವು ತಳ್ಳಿಹಾಕಲಾರೆವು. ರಷ್ಯದ ಉತ್ತರವನ್ನು ಒಪ್ಪಲಾರೆವು. ಯಾವ ಪಕ್ಷವೇ ಬಂದು ಸಮತೆಯನ್ನು ಬೋಧಿಸಲಿ, ಎರಡು ಮಾತುಗಳನ್ನು ಕೇಳಿರಿ: ಕೊಳಗವು ಯಾರ ಕೈಯಲ್ಲಿರುವುದು? ಅಳತೆ ತಪ್ಪಿದರೆ ಬಡವನು ನಿರ್ಭಯವಾಗಿ ಹೇಳಬಹುದೇ? ಎರಡಕ್ಕೂ ಉತ್ತರ ಕೊಡುವವರನ್ನೇ ನಂಬಿರಿ.