ಕೂಸುಗಳ ಕಲಿಕೆ: ಮನೆಯಲ್ಲಿ ಮತ್ತು ಅಂಗನವಾಡಿಯಲ್ಲಿ

(ಮಾನ್ವಿ ತಾಲೂಕಿನ ಕುರ್ಡಿಯಲ್ಲಿ ಮಿಲ್ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹತ್ತಿಯ ಧಾರಣೆ, ಹಮಾಲಿಯ ದರ, ಕಾಲುವೆಯ ಕೆಳಭಾಗಕ್ಕೆ ಬಾರದ ನೀರು, ಇವುಗಳ ಮಾತನ್ನು ಆಡುವೆವೆಂದು ತಾವು ಬಂದಿರುತ್ತೀರಿ. ಆ ಮಾತುಗಳು ಇದ್ದೇ ಇವೆ. ಈ ದಿನ ನಾವು ಆಡಬೇಕೆಂದಿರುವುದು ತಮ್ಮ ತೊಡೆಯ ಮೇಲೆ ಕುಳಿತಿರುವ ಈ ಚಿಕ್ಕವರ ಮಾತು. ಮೂರು ತುಂಬಿ ಆರು ತುಂಬದ ಮಕ್ಕಳು ಇವರು. ಶಾಲೆಯ ಹಾಜರಿಯಲ್ಲಿ ಇವರ ಹೆಸರಿಲ್ಲ, ಮತದಾರರ ಪಟ್ಟಿಯಲ್ಲಂತೂ ಇಲ್ಲವೇ ಇಲ್ಲ. ಆದುದರಿಂದಲೇ ಇವರ ಮಾತನ್ನು ಯಾರೂ ಎತ್ತುವುದಿಲ್ಲ.

ರಾಯಚೂರಿನ ಗಂಜಿನಲ್ಲಿ ಮೂಟೆ ಹೊರುವ ನಮ್ಮ ಗೆಳೆಯರೊಬ್ಬರಿದ್ದಾರೆ. ಅವರ ನಾಲ್ಕು ವರ್ಷದ ಮಗಳನ್ನು ಸಾಲ ಮಾಡಿ ಇಂಗ್ಲಿಷ್ ನರ್ಸರಿಗೆ ಹಾಕಿದರು. ಆರು ತಿಂಗಳಾದ ಮೇಲೆ ನಾವು ಅವರ ಮನೆಗೆ ಹೋದೆವು. ಹುಡುಗಿ ಎ ಇಂದ ಝಡ್‌ವರೆಗೆ ಒಂದೇ ಉಸಿರಿಗೆ ಹೇಳಿದಳು. ಒಂದರಿಂದ ನೂರರವರೆಗೆ ಬರೆದ ಪುಸ್ತಕವನ್ನೂ ತೋರಿಸಿದಳು. ತಂದೆಯ ಮುಖ ಅರಳಿತು. "ಶಾಲ್ಯಾಗ ಇವತ್ತ ಏನ್ ಮಾಡಿದಿ ಅವ್ವಾ?" ಎಂದು ನಾವು ಕೇಳಿದರೆ ಹುಡುಗಿ ತಲೆ ತಗ್ಗಿಸಿ ಕುಳಿತಳು. ತಾಯಿ ಒಳಗಿನಿಂದ ಹೇಳಿದರು: "ಮೊದಲ ಬಾಯಿ ಮುಚ್ಚತಿದ್ದಿಲ್ರೀ. ಸಾಲಿಗೆ ಹೋದಾಗಿಂದ ಮಾತ ಕಡಿಮಿ ಆಗ್ಯಾವ." ಆ ಮಾತು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಬೆವರಿನ ದುಡ್ಡು ಕೊಟ್ಟು ಆ ತಂದೆತಾಯಿ ಮಗಳ ಮಾತನ್ನು ಕಡಿಮೆ ಮಾಡಿಸಿಕೊಂಡರು. ನಾವು ಹೇಳಲು ಬಂದಿರುವುದು ಇಷ್ಟೇ: ಈ ವಯಸ್ಸಿನ ಕೂಸು ಕಲಿಯುವುದು ಮಾತಿನಿಂದ, ಆಟದಿಂದ, ಕೈಯಲ್ಲಿ ಹಿಡಿದು ನೋಡುವುದರಿಂದ. ಅದಕ್ಕೆ ಬೇಕಾದ ಸಾಮಾನು ಬಡವರ ಮನೆಯಲ್ಲಿಯೂ ಉಂಟು. ಇಲ್ಲದಿರುವುದು ಸಮಯ ಮತ್ತು ಗಮನ, ಅದರಲ್ಲಿ ಅರ್ಧ ತಪ್ಪು ನಮ್ಮದು, ಅರ್ಧ ಸರ್ಕಾರದ್ದು.

ಒಂದು ತಪ್ಪನ್ನು ನಾವೂ ಒಪ್ಪಿಕೊಳ್ಳಬೇಕು. ಬಹಳ ಕಾಲ ನಾವು ಸಹ ಅಂಗನವಾಡಿಯೆಂದರೆ ಉಪ್ಪಿಟ್ಟು ಹಂಚುವ ಸ್ಥಳವೆಂದೇ ತಿಳಿದಿದ್ದೆವು. ಮಗು ಬಟ್ಟಲು ಹಿಡಿದು ಹೋಗುತ್ತದೆ, ಬಟ್ಟಲು ಹಿಡಿದು ಬರುತ್ತದೆ. ಆ ಹೆಸರು ಎಲ್ಲಿಂದ ಬಂತೆಂದು ವಿಚಾರಿಸಿದ ಮೇಲೆ ನಮ್ಮ ಕಣ್ಣು ತೆರೆಯಿತು.

ಈ ವಿಚಾರ ಹುಟ್ಟಿದ್ದು ಶ್ರೀಮಂತರ ಕೇರಿಯಲ್ಲಲ್ಲ. 1907ರಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಎಂಬ ಕೂಲಿಕಾರರ ಬಡಾವಣೆಯಲ್ಲಿ, ತಂದೆತಾಯಿ ದುಡಿಯಲು ಹೋದಾಗ ಮೆಟ್ಟಿಲುಗಳ ಮೇಲೆ ಅಲೆಯುತ್ತಿದ್ದ ಮಕ್ಕಳಿಗಾಗಿ ಮಾರಿಯಾ ಮಾಂಟೆಸರಿ ಎಂಬ ವೈದ್ಯೆ ಒಂದು ಕೋಣೆ ತೆರೆದಳು. ಇಂದು ಅವಳ ಹೆಸರಿನ ಹಲಗೆ ಹಾಕಿಕೊಂಡು ಸಾವಿರಾರು ರೂಪಾಯಿ ವಸೂಲು ಮಾಡುವವರು ಆ ಮೊದಲ ಕೋಣೆ ಕೂಲಿಯವರ ಮಕ್ಕಳದಾಗಿತ್ತೆಂಬುದನ್ನು ಹೇಳುವುದಿಲ್ಲ. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ವಕೀಲಿ ಬಿಟ್ಟು ಮಕ್ಕಳ ಮಧ್ಯೆ ಕುಳಿತವರು ಅವರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಈಗಿನ ಮಹಾರಾಷ್ಟ್ರದ ಸಮುದ್ರ ತೀರದ ಬೋರ್ಡಿ ಎಂಬ ಊರಿಗೆ, ತರುವಾಯ 1957ರಲ್ಲಿ ಕೋಸಬಾಡದ ಗುಡ್ಡಕ್ಕೆ ಹೋದರು. ಅಲ್ಲಿರುವವರು ವಾರ್ಲಿ ಆದಿವಾಸಿಗಳು, ಕೂಲಿಯ ಜನ. ತಾರಾಬಾಯಿಯವರೂ ಅವರ ಜೊತೆಗಾರ್ತಿ ಅನುತಾಯಿ ವಾಘ್ ಅವರೂ ಬಾಲವಾಡಿ ತೆರೆದು ಕುಳಿತರೆ ಮಕ್ಕಳು ಬರಲಿಲ್ಲ. ಬರದಿದ್ದರೆ ಇವರೇ ಹೋದರು! ಜನರ ಮನೆಯಂಗಳದಲ್ಲಿಯೇ ಮಕ್ಕಳನ್ನು ಕೂಡಿಸಿದರು. ಅಂಗಳದ ವಾಡಿ, ಅಂಗನವಾಡಿ. ಬೆಲೆಬಾಳುವ ಆಟಿಕೆಗಳ ಬದಲು ಬೀಜ, ಕಪ್ಪೆಚಿಪ್ಪು, ಎಲೆ, ಕಡ್ಡಿಗಳನ್ನೇ ಬಳಸಿದರು. ದನ ಕಾಯುವ ಹುಡುಗರಿಗಾಗಿ ಹುಲ್ಲುಗಾವಲಿನಲ್ಲಿಯೇ ಶಾಲೆ ನಡೆಸಿದರು. ಅಕ್ಕಂದಿರು ತಮ್ಮ ತಂಗಿಯರನ್ನು ಎತ್ತಿಕೊಂಡು ಕೂರಬೇಕಾದುದರಿಂದ ಶಾಲೆಗೆ ಬರಲಾರರೆಂದು ಕಂಡು, ಕೂಸಿನ ಕೋಣೆ, ಬಾಲವಾಡಿ, ಶಾಲೆ ಮೂರನ್ನೂ ಒಂದೇ ಕಡೆ ಇಟ್ಟರು. ನಮ್ಮ ಹತ್ತಿಯ ಹೊಲಗಳ ಬದುವಿನಲ್ಲಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ನಿಂತ ಏಳು ವರ್ಷದ ಅಕ್ಕನನ್ನು ತಾವು ನೋಡಿಲ್ಲವೇ? ಬಿಡಿಸುವ ಕಾಲದಲ್ಲಿ ಪ್ರತಿದಿನ ನೋಡುತ್ತೀರಿ. ಅಲ್ಲಿ ಇಬ್ಬರ ಕಲಿಕೆ ಒಟ್ಟಿಗೆ ನಿಲ್ಲುತ್ತದೆ.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಅಂಗನವಾಡಿ ಎಂಬ ಹೆಸರು ಊರೂರಿಗೆ ಬಂತು. ಊಟ ಬಂತು, ಚುಚ್ಚುಮದ್ದು ಬಂತು, 2013ರಿಂದ ಕ್ಷೀರಭಾಗ್ಯದ ಹಾಲೂ ಬಂತು. ಇವನ್ನು ನಾವು ಹಗುರ ಮಾಡುವುದಿಲ್ಲ, ಹಸಿದ ಕೂಸು ಏನನ್ನೂ ಕಲಿಯದು. ಆದರೆ ಕಲಿಕೆ ಹಿಂದೆ ಬಿತ್ತು. ಅಂಗನವಾಡಿ ಶಿಕ್ಷಕಿ ಬೆಳಗ್ಗೆ ಮಕ್ಕಳನ್ನು ತೂಗಬೇಕು, ಆಹಾರದ ಲೆಕ್ಕ ಬರೆಯಬೇಕು, ಬಸುರಿ ಬಾಣಂತಿಯರ ಮನೆಗೆ ಹೋಗಬೇಕು, ಮೊಬೈಲಿನಲ್ಲಿ ಎಲ್ಲವನ್ನೂ ತುಂಬಬೇಕು, ಸಮೀಕ್ಷೆ ಬಂದರೆ ಅದಕ್ಕೂ ಓಡಬೇಕು. ಆಕೆಗೆ ಸಿಗುವುದು ಸಂಬಳವೂ ಅಲ್ಲ, ಅದಕ್ಕೆ ಗೌರವಧನವೆಂದು ಹೆಸರು. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಇವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಹೇಳಬೇಕಾಯಿತು. ಹಾಡು, ಕಥೆ, ಆಟಕ್ಕೆ ಆಕೆಯ ದಿನದಲ್ಲಿ ಎಷ್ಟು ಹೊತ್ತು ಉಳಿದೀತು? "ಟೀಚರು ಏನೂ ಕಲಿಸುವುದಿಲ್ಲ" ಎಂದು ದೂರುವ ಮುನ್ನ ಒಂದು ದಿನ ಅಲ್ಲಿ ಹೋಗಿ ಕುಳಿತು ನೋಡಿರಿ ಎಂದು ನಾವು ಕೇಳಿಕೊಳ್ಳುತ್ತೇವೆ.

ಕಾನೂನಿನ ಮಾತೂ ಒಂದಿದೆ. 1950ರ ಸಂವಿಧಾನದ 45ನೆಯ ವಿಧಿ ಹತ್ತು ವರ್ಷದೊಳಗೆ ಹದಿನಾಲ್ಕು ತುಂಬುವವರೆಗಿನ ಎಲ್ಲ ಮಕ್ಕಳಿಗೆ ಶಿಕ್ಷಣ ಕೊಡಲು ಯತ್ನಿಸಬೇಕೆಂದಿತ್ತು. ಕೆಳಗಿನ ವಯಸ್ಸಿನ ಗೆರೆ ಅದರಲ್ಲಿರಲಿಲ್ಲ. 2002ರ 86ನೆಯ ತಿದ್ದುಪಡಿ ಆರರಿಂದ ಹದಿನಾಲ್ಕಕ್ಕೆ ಹಕ್ಕು ಕೊಟ್ಟಿತು, ಆರರ ಕೆಳಗಿನವರಿಗೆ ಯತ್ನವನ್ನಷ್ಟೇ ಉಳಿಸಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯೂ ಇವರ ಶಾಲಾಪೂರ್ವ ಶಿಕ್ಷಣಕ್ಕೆ ಸರ್ಕಾರ ವ್ಯವಸ್ಥೆ ಮಾಡಬಹುದು ಎಂದಿತೇ ಹೊರತು ಮಾಡಲೇಬೇಕು ಎನ್ನಲಿಲ್ಲ. ಈ "ಬಹುದು" ಎಂಬ ಸಂದಿಯಲ್ಲಿಯೇ ಖಾಸಗಿ ನರ್ಸರಿಗಳು ಬೆಳೆದವು.

ಇನ್ನು ಭಾಷೆಯ ಪ್ರಶ್ನೆ. ಹಿರಿಯರು ಇಲ್ಲಿ ಕುಳಿತಿದ್ದೀರಿ, ತಮ್ಮ ತಂದೆಯವರನ್ನು ನೆನಪಿಸಿಕೊಳ್ಳಿರಿ. 1948ರ ಸೆಪ್ಟೆಂಬರಿನವರೆಗೆ ನಮ್ಮ ರಾಯಚೂರು ನಿಜಾಮನ ಆಳಿಕೆಯಲ್ಲಿತ್ತು, ಸರ್ಕಾರಿ ಶಾಲೆಯ ಪಾಠ ಉರ್ದುವಿನಲ್ಲಿ. ಉರ್ದು ಒಳ್ಳೆಯ ಭಾಷೆ, ಅದು ಮನೆಮಾತಾದವರಿಗೆ ಅದರಲ್ಲಿಯೇ ಕಲಿಸಬೇಕು. ಆದರೆ ಕನ್ನಡದ ಕೂಸು ಮನೆಯಲ್ಲಿ ಕೇಳದ ಮಾತಿನಲ್ಲಿ ಅಕ್ಷರ ತಿದ್ದಬೇಕಾಗಿತ್ತು. ಬಹಳ ಜನ ನಾಲ್ಕು ದಿನ ಹೋಗಿ ಬಿಟ್ಟರು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ್ದು ಆ ಕಾಲದಲ್ಲಿ. ಆ ಪೆಟ್ಟು ತಿಂದ ಜನರ ಮೊಮ್ಮಕ್ಕಳಾದ ನಾವು ಈಗ ದುಡ್ಡು ಕೊಟ್ಟು ಮೂರು ವರ್ಷದ ಮಗುವನ್ನು ಮತ್ತೊಂದು ತಿಳಿಯದ ಭಾಷೆಯ ಮುಂದೆ ಕೂರಿಸುತ್ತಿದ್ದೇವೆ. ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಮಿಲ್ ಮಾಲೀಕನ ಮಗನಿಗೆ ಬೇಕಾದ ಇಂಗ್ಲಿಷ್ ಹಮಾಲನ ಮಗಳಿಗೂ ಬೇಕು. ಆದರೆ ತನ್ನ ಮಾತಿನಲ್ಲಿ ಪ್ರಶ್ನೆ ಕೇಳಲು ಕಲಿತ ಮಗು ಮುಂದೆ ಬೇರೆ ಮಾತನ್ನೂ ಬೇಗ ಹಿಡಿಯುತ್ತದೆ. ತಾಂಡಾದಿಂದ ಬರುವ ಕೂಸಿನ ಮನೆಮಾತು ಲಂಬಾಣಿ, ಕೆಲವರದು ತೆಲುಗು. ಅಂಗನವಾಡಿಯಲ್ಲಿ ಅಂಥ ಕೂಸು ಮೂಕವಾಗಿ ಕುಳಿತರೆ ದಡ್ಡನೆಂದು ಬಗೆಯಬಾರದು. ಆ ಭಾಷೆಯ ಹತ್ತು ಮಾತು ಶಿಕ್ಷಕಿಯೂ ಕಲಿಯಲಿ, ಅದೇನು ಕಷ್ಟವಲ್ಲ.

ಈಗ ಮನೆಗೆ ಬರೋಣ. ತಾಯಂದಿರು ಕೇಳುತ್ತೀರಿ: "ನಾವು ಓದಿದವರಲ್ಲ, ಏನು ಕಲಿಸೋಣ?" ರೊಟ್ಟಿ ಬಡಿಯುವಾಗ ಮಗುವಿಗೂ ಒಂದು ಉಂಡೆ ಹಿಟ್ಟು ಕೊಡಿರಿ. ಅದು ತಟ್ಟುತ್ತದೆ, ಹರಿಯುತ್ತದೆ, ಮತ್ತೆ ಉಂಡೆ ಮಾಡುತ್ತದೆ. ಬಳಪ ಹಿಡಿಯುವ ಬೆರಳಿಗೆ ಅದಕ್ಕಿಂತ ಒಳ್ಳೆಯ ಸಾಧನೆ ಇಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತನ್ನು ಬಜಾರಿನಿಂದ ತರುವ ರೂಢಿ ಬರುತ್ತಿದೆ. ತರಬೇಡಿರಿ, ಮಗುವಿನ ಕೈಗೆ ಮಣ್ಣು ಕೊಡಿರಿ. ಎತ್ತಿಗೆ ಮೂರೇ ಕಾಲಿದ್ದರೂ ಪೂಜೆ ನಿಲ್ಲುವುದಿಲ್ಲ. ಕಾಳು ಹಸನು ಮಾಡುವಾಗ ಪಕ್ಕದಲ್ಲಿ ಕೂರಿಸಿ ತೊಗರಿ ಬೇರೆ, ಕಡಲೆ ಬೇರೆ ಮಾಡಿಸಿರಿ. ಒಂದೇ ಎಚ್ಚರಿಕೆ: ಸಣ್ಣವರು ಕಾಳನ್ನು ಮೂಗಿಗೂ ಕಿವಿಗೂ ತುರುಕಿಕೊಳ್ಳುತ್ತಾರೆ, ಕಣ್ಣಿಟ್ಟಿರಬೇಕು. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಕೇಳಿರಿ. ಇದೇ ಗಣಿತದ ಬೇರು. ಒಂದರಿಂದ ನೂರು ಬಾಯಿಪಾಠ ಹೇಳಿದ ಮಗುವಿನ ಮುಂದೆ ಏಳು ಹುಣಸೆ ಬೀಜ ಇಟ್ಟು ಎಷ್ಟೆಂದು ಕೇಳಿ ನೋಡಿರಿ, ನಮ್ಮ ಮಾತು ತಿಳಿಯುತ್ತದೆ.

ಅಂಗಡಿಯ ಬಂಧುಗಳಿಗೆ ಇನ್ನೂ ಅನುಕೂಲ. ತಕ್ಕಡಿ ತಮ್ಮ ಬಳಿ ಇದೆ. ಮಗು ಒಂದು ಕಡೆ ಬೆಲ್ಲ, ಇನ್ನೊಂದು ಕಡೆ ಕಲ್ಲಿಟ್ಟು ಯಾವುದು ಕೆಳಗೆ ಹೋಯಿತೆಂದು ನೋಡಲಿ. ಆದರೆ ಅದು ಆಟವಾಗಿರಲಿ. ಗಿರಾಕಿಗೆ ಸಾಮಾನು ಕಟ್ಟಿಕೊಡುವ ಆಳಾಗಬಾರದು. ಮತ್ತು ಗದ್ದಲ ಮಾಡುತ್ತದೆಂದು ಕೈಗೆ ಮೊಬೈಲು ಕೊಟ್ಟು ಕೂರಿಸುವುದನ್ನು ಬಿಡಿರಿ. ಮೊಬೈಲು ತಾನೇ ಮಾತಾಡುತ್ತದೆ, ಮಗುವಿನ ಮಾತಿಗೆ ಕಿವಿಗೊಡುವುದಿಲ್ಲ.

ಗಂಡಸರಿಗೆ ಒಂದು ಮಾತು. ಪಾಳಿ ಮುಗಿಸಿ ಬಂದಾಗ ಮೈ ನೋಯುತ್ತದೆ, ಬಲ್ಲೆವು. ಮಗು "ಯಾಕ? ಯಾಕ?" ಎಂದು ಬೆನ್ನು ಹತ್ತಿದರೆ ಗದರಬೇಡಿರಿ. ಹತ್ತು ನಿಮಿಷ ಉತ್ತರ ಹೇಳಿರಿ. ಜಿನ್ನಿನಲ್ಲಿ ಅರಳೆಯಿಂದ ಕಾಳು ಹೇಗೆ ಬೇರೆಯಾಗುತ್ತದೆಂದು ಹೇಳಿರಿ. ತಂದೆಯ ಕೆಲಸಕ್ಕಿಂತ ದೊಡ್ಡ ಕಥೆ ನಾಲ್ಕು ವರ್ಷದವರಿಗೆ ಬೇರೆ ಇಲ್ಲ.

ಮಿಲ್ಲಿನ ವಿಷಯ ಬಂದುದರಿಂದ ಹೇಳುತ್ತೇವೆ. 1948ರ ಕಾರ್ಖಾನೆ ಕಾಯಿದೆಯ 48ನೆಯ ಕಲಮಿನಂತೆ 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕಾಗಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ 2020ರ ಸಂಹಿತೆ ಆ ಲೆಕ್ಕ ಬದಲಿಸಿದೆ. ಗಂಡು ಹೆಣ್ಣೆನ್ನದೆ 50ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಶಿಶುಪಾಲನೆಯ ಕೋಣೆಯ ಮಾತು ಅದರಲ್ಲಿದೆ. ತಮ್ಮ ಮಿಲ್ಲಿನ ಮಸ್ಟರಿನಲ್ಲಿ ಎಷ್ಟು ಹೆಸರಿವೆ, ಹಂಗಾಮಿನಲ್ಲಿ ನಿಜವಾಗಿ ಎಷ್ಟು ಜನ ದುಡಿಯುತ್ತೀರಿ, ಎರಡನ್ನೂ ಎಣಿಸಿ ನಮಗೆ ತಿಳಿಸಿರಿ. ಪಂಚಾಯತಿಯವರನ್ನು ಕೂಸಿನ ಮನೆಯ ಬಗ್ಗೆ ಕೇಳಿರಿ. ಉದ್ಯೋಗ ಖಾತರಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಅದನ್ನು ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು.

ಕಡೆಯದಾಗಿ ಗುಳೆ ಹೋಗುವವರಿಗೆ. ಮಾನ್ವಿ, ದೇವದುರ್ಗದಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಸ್ಸು ತುಂಬಿ ಹೋಗುವುದನ್ನು ನಾವು ಕಾಣುತ್ತಿದ್ದೇವೆ. ಮಗು ಮರಳಿನ ರಾಶಿಯ ಮೇಲೆ ಮೂರು ವರ್ಷ ಕಳೆದು ಬಂದು ಒಂದನೆಯ ಇಯತ್ತೆಗೆ ಕೂರುತ್ತದೆ. ಹೊರಡುವ ಮುನ್ನ ಅಂಗನವಾಡಿ ಶಿಕ್ಷಕಿಗೆ ಹೇಳಿ ಹೋಗಿರಿ. ತಾಯಿ ಕಾರ್ಡನ್ನು ಗಂಟಿನಲ್ಲಿ ಕಟ್ಟಿಕೊಳ್ಳಿರಿ. ಹೋದ ಊರಿನಲ್ಲಿ ಸಮೀಪದ ಅಂಗನವಾಡಿ ಯಾವುದೆಂದು ಮೊದಲ ವಾರವೇ ವಿಚಾರಿಸಿರಿ. ಊರಿನವರಲ್ಲವೆಂದು ಯಾರಾದರೂ ಮಗುವನ್ನು ತಿರುಗಿಸಿ ಕಳಿಸಿದರೆ ಸ್ಥಳದ ಹೆಸರು ಬರೆಸಿ ನಮಗೆ ತಿಳಿಸಿರಿ. ಆ ಕಾಗದವನ್ನು ನಾವು ಮುಂದಕ್ಕೆ ಒಯ್ಯುತ್ತೇವೆ.