ಹದಿನಾಲ್ಕರ ಲೆಕ್ಕ



ನಾವು ಜೀತದ ಕೊಟ್ಟಿಗೆ ದಾಟಿ ಹಾಸ್ಟೆಲಿನ ತಟ್ಟೆಗೆ ಬಂದವರು. ನಮ್ಮ ಜೊತೆ ಗೋಲಿ ಆಡಿದೋರು ಎಷ್ಟೋ ಜನ ಅಲ್ಲೇ ಉಳಿದರು.

1948ರ ನವೆಂಬರ್ 23. ಪ್ರಾಥಮಿಕ ಶಿಕ್ಷಣ ಅಂತಷ್ಟೇ ಬರೆದರೆ ಸಾಕು ಅಂದರು ಸಂವಿಧಾನ ಸಭೆಯ ಸದಸ್ಯರೊಬ್ಬರು. ಬಾಬಾಸಾಹೇಬರು ಒಪ್ಪಲಿಲ್ಲ. ಹದಿನಾಲ್ಕರೊಳಗಿನ ಮಗುವನ್ನು ದುಡಿಮೆಗೆ ಹಚ್ಚಬಾರದು ಅಂದಮೇಲೆ, ಅಲ್ಲೀತನಕ ಅದು ಶಾಲೆಯಲ್ಲಿರಬೇಕು ಎಂಬುದು ಅವರ ವಾದ.

ಆದರೇನು? ಕಾರ್ಖಾನೆ, ಗಣಿಯಿಂದ ಮಗುವನ್ನು ತಡೆಯುವ 24ನೇ ವಿಧಿ ಮೂಲಭೂತ ಹಕ್ಕಾಯಿತು. ಶಾಲೆಯ ಮಾತಾಡುವ 45ನೇ ವಿಧಿ ಬರೀ ನಿರ್ದೇಶಕ ತತ್ವ, ಕೋರ್ಟಿಗೆ ಹೋಗಿ ಕೇಳೋ ಹಾಗಿಲ್ಲ. ಹತ್ತು ವರ್ಷದ ವಾಯಿದೆ 1960ಕ್ಕೆ ಮುಗಿಯಿತು. ಅದು ಹಕ್ಕಾಗಲು 2002ರ 86ನೇ ತಿದ್ದುಪಡಿ ಬರಬೇಕಾಯಿತು. ಜಾರಿಯಾದದ್ದು 2010ರ ಏಪ್ರಿಲ್ 1ಕ್ಕೆ. ಅಷ್ಟರಲ್ಲಿ ಎಷ್ಟು ತಲೆಮಾರು ಸಗಣಿ ಬುಟ್ಟಿ ಹೊತ್ತವು!

2016ರಲ್ಲಿ ಬಾಲಕಾರ್ಮಿಕ ಕಾಯಿದೆ ತಿದ್ದಿದರು. ಹದಿನಾಲ್ಕರೊಳಗಿನವರ ದುಡಿಮೆ ಎಲ್ಲಾ ಕಡೆ ನಿಷೇಧ. ಸರಿ. ಆದರೆ ಶಾಲೆ ಬಿಟ್ಟಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಮನೆತನದ ಕಸುಬಿಗೆ ಕೈಜೋಡಿಸಬಹುದಂತೆ. ಮನೆತನದ ಕಸುಬು! ಸಾಹುಕಾರನ ಮಗನಿಗೆ ಅದು ಅಂಗಡಿಯ ಗಲ್ಲಾಪೆಟ್ಟಿಗೆ. ನಮ್ಮ ಕೇರಿಯ ಕೂಸಿಗೆ? ಅವ್ವನ ಪೊರಕೆ. ಮುಂದಿನ ಬಾಗಿಲಿಂದ ಆಚೆ ಹಾಕಿದ ಜಾತಿ ಹಿತ್ತಲಿಂದ ಒಳಗೆ ಬಂತಲ್ಲ!

ಈ ರಜೆಗೆ ಊರಿಗೆ ಹೋದಾಗ ನಾವೆಲ್ಲ ಒಂದು ಕೆಲಸ ಮಾಡೋಣ. ಕೇರಿಯಲ್ಲಿ ಹದಿನಾಲ್ಕು ತುಂಬದೆ ಶಾಲೆ ಬಿಟ್ಟವರು ಯಾರು, ಈಗ ಯಾರ ಮನೆಯಲ್ಲಿ ದುಡೀತಿದಾರೆ, ಬರೆದುಕೊಂಡು ಬರೋಣ. ಮುಂದಿನ ಸಭೆಗೆ ಆ ಪಟ್ಟಿ ಬೇಕು.