ಬೋರ್ಡು ಹೋಯ್ತು, ಮನೆ ಇದೆ

ಉಡುಪಿಗೆ ಹೋದವರು ಕೃಷ್ಣನ ದರ್ಶನ ಮಾಡ್ತಾರೆ, ಮಸಾಲೆ ದೋಸೆ ತಿಂತಾರೆ, ಬಸ್ ಹತ್ತುತ್ತಾರೆ. ಹಾಜಿ ಅಬ್ದುಲ್ಲಾ ಸಾಹೇಬರ ಮನೆ ನೋಡಿ ಬಂದವರು ಎಷ್ಟು ಜನ ವೀಕ್ಷಕರೇ?

1906ರಲ್ಲಿ ಈ ಸಾಹೇಬರು ಮುಂದೆ ನಿಂತು ಶುರು ಮಾಡಿದ ಸಂಸ್ಥೆಯೇ ಕಾರ್ಪೊರೇಷನ್ ಬ್ಯಾಂಕ್. ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಲೆಕ್ಕದಲ್ಲಿದ್ದದ್ದು 38 ರೂಪಾಯಿ, 13 ಆಣೆ, 2 ಪೈ! ಯಾರನ್ನು ನಂಬಿ ದುಡ್ಡಿಟ್ಟರು? ಠೇವಣಿಗೆ ವಿಮೆ ಅಂತ ಬಂದದ್ದೇ 1962ರಲ್ಲಿ. ಅದಕ್ಕೂ ಮುಂಚೆ ಜನ ನೋಡ್ತಿದ್ದದ್ದು ಮನುಷ್ಯನನ್ನ, ಅವನ ಮನೆಯನ್ನ. ಮನೆಯೇ ಗ್ಯಾರಂಟಿ. ಆ ಮನೆ ಈಗ ವಸ್ತುಸಂಗ್ರಹಾಲಯ. ಒಳಗೆ ಹಳೇ ನಾಣ್ಯಗಳ ಭಂಡಾರವೇ ಇದೆ.

ಬ್ಯಾಂಕ್ ಮಾತ್ರ ಇಲ್ಲ. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯ್ತು. ಅದೇ ದಿನ, ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರಿತು. ಒಂದು ಊರಿನ ಎರಡು ಹೆಸರು ಒಂದೇ ದಿನ ಅಳಿಸಿಹೋದವು. ವಿಲೀನ ಸರಿಯೋ ತಪ್ಪೋ, ಅದು ಬೇರೆ ಚರ್ಚೆ, ಇನ್ನೊಂದು ದಿನ ಮಾಡೋಣ.

ಈಗ ಕೇಳ್ತಿರೋದು ಇಷ್ಟೇ. ವಿಲೀನವಾದ ಬ್ಯಾಂಕುಗಳ ಹಳೇ ಕಟ್ಟಡಗಳು ನಮ್ಮ ಊರೂರಲ್ಲಿ ಎಷ್ಟಿವೆ, ಪಟ್ಟಿ ಮಾಡಿದವರು ಯಾರು? ಹರಾಜಿಗೆ ಇಡೋ ಮೊದಲು ಆ ಪಟ್ಟಿ ಆಗಲಿ ಸ್ವಾಮಿ.